ಮಿರ್ಚಿ ವಾಸನೆಯ ಗುಡ್ಡಪ್ಪ

ಬನ್ನಿ ಮಕ್ಕಳೇ, ಹತ್ತಿರ ಕೂಡ್ರಿ. ಮೂಗು ಅರಳಿಸಿಕೊಂಡು ಕೂಡ್ರಿ. ಈ ಕಥೆಗೆ ಕಿವಿಯೊಂದೇ ಸಾಲದು.

ಒಂದು ಊರು. ಊರಲ್ಲಿ ಒಬ್ಬಳು ದ್ಯಾಮಕ್ಕ. ದ್ಯಾಮಕ್ಕನಿಗೆ ಒಂದು ಹಳೇ ಜೀಪು. ಜೀಪಿನ ಹೆಸರು ಗುಡ್ಡಪ್ಪ.

ಗುಡ್ಡಪ್ಪನಿಗೆ ಬೆಳಿಗ್ಗೆ ಏಳೋದಕ್ಕೆ ಒಂದೇ ಗುಟುಕು ಡೀಸೆಲ್ ಸಾಕು. ಆಮೇಲೆ ದಿನವಿಡೀ ಕುಡಿಯೋದು ಏನು ಗೊತ್ತೇ? ಮಿರ್ಚಿ ಭಜಿ ಕರಿದು ಉಳಿದ ಎಣ್ಣೆ. ಹೌದು, ಅದೇ ಎಣ್ಣೆ. ಗುಡ್ಡಪ್ಪ ಓಡಿದಲ್ಲೆಲ್ಲ ಘಮಘಮ ಮಿರ್ಚಿ ವಾಸನೆ. ಕೆಲವರು ನಗುತ್ತಿದ್ದರು. ನಗಲಿ ಬಿಡಿ. ಗುಡ್ಡದ ಏಳು ತಿರುವು ಹತ್ತೋದು ಯಾರು? ಗುಡ್ಡಪ್ಪ. ಒಂದು ದಿನವೂ ತಪ್ಪಿಸದವನು ಯಾರು? ಗುಡ್ಡಪ್ಪ. ದ್ಯಾಮಕ್ಕನಿಗೆ ಆ ಹೆಮ್ಮೆ ಬಹಳ.

ಆದರೆ ಗುಡ್ಡಪ್ಪನದೂ ಒಂದು ಹಟ. ಎಣ್ಣೆಯಲ್ಲಿ ಒಂದು ಕರಿ ಚೂರೂ ಇರಬಾರದು. ಇದ್ದರೆ ಗಂಟಲು ಕಟ್ಟುತ್ತದೆ. ಅದಕ್ಕೇ ದ್ಯಾಮಕ್ಕ ಹಿತ್ತಲಲ್ಲಿ ಒಂದು ಹಂಡೆ ಇಟ್ಟಿದ್ದಳು. ಹಂಡೆಗೆ ಎಣ್ಣೆ ಸುರಿಯುತ್ತಿದ್ದಳು. ಹಂಡೆಯನ್ನು ಯಾರೂ ಅಲುಗಾಡಿಸಬಾರದು. ಬೆಕ್ಕೂ ಆ ಕಡೆ ಸುಳಿಯಬಾರದು. ಹತ್ತು ದಿನ ಬಿಟ್ಟು, ಬಿಸಿಲಿಗೆ ಬೆಚ್ಚಗಾದ ಎಣ್ಣೆಯನ್ನು ಅರಿವೆಯಲ್ಲಿ ಸೋಸುತ್ತಿದ್ದಳು. ಅರಿವೆ ಅಂದರೆ ಬಟ್ಟೆ. ಅವಳ ಅಪ್ಪನ ಹಳೇ ಧೋತರದ ತುಂಡು. ಬೇರೆ ಬಟ್ಟೆ ಆಗದೇ ಅಂತೀರಾ? ಸೀರೆ ಸೆರಗು ಹಿಡಿದರೆ ಚೂರೂ ಇಳಿಯುತ್ತದೆ. ಗೋಣಿ ಹಿಡಿದರೆ ಎಣ್ಣೆಯೇ ಇಳಿಯುವುದಿಲ್ಲ. ಆ ಅರಿವೆಯೇ ಆಗಬೇಕು.

ಅವತ್ತು ಗುಡ್ಡದ ಮೇಲಿನ ಹನ್ನೊಂದು ಮಕ್ಕಳು ಮೊಟ್ಟಮೊದಲ ಸಲ ಊರ ಶಾಲೆಯ ಅಂಗಳದಲ್ಲಿ ಗೆಜ್ಜೆಯಂತೆ ಝಣಗುಡುವ ಲೇಜಿಮ್ ಹಿಡಿದು ಆಡುವವರಿದ್ದರು. ನಾಲ್ಕು ಗಂಟೆಗೆ ಆಟ. ಕರೆದು ತರುವವನು ಗುಡ್ಡಪ್ಪ. ಊರಿನ ಬೇರೆ ಗಾಡಿಗಳೆಲ್ಲ ಸಂತೆಗೆ ಹೋಗಿದ್ದವು.

ಸೋಸಿಟ್ಟ ಎಣ್ಣೆ ಮುಗಿದಿತ್ತು. ದ್ಯಾಮಕ್ಕ ಅರಿವೆ ತರಲು ಬಟ್ಟೆ ಒಣಹಾಕುವ ಹಗ್ಗದ ಹತ್ತಿರ ಹೋದಳು. ಹಗ್ಗ ಇತ್ತು. ಅರಿವೆ ಇರಲಿಲ್ಲ.

ಏನಾಗಿತ್ತು ಗೊತ್ತೇ? ದ್ಯಾಮಕ್ಕ ಹಿಂದಿನ ಸಲ ಸೋಸಿದ ಮೇಲೆ ಅವಸರದಲ್ಲಿ ಅರಿವೆಯನ್ನು ಬರೀ ನೀರಿಗೆ ಅದ್ದಿ ಒಣಹಾಕಿದ್ದಳು. ಅರಿವೆಯಲ್ಲಿ ಮಿರ್ಚಿ ವಾಸನೆ ಉಳಿದಿತ್ತು. ಕಾಗೆ ಬಂತು. ಭಜಿ ಅಂದುಕೊಂಡಿತು. ಕಚ್ಚಿಕೊಂಡು ಹಾರಿತು. ಭಜಿಯಲ್ಲ ಅಂತ ಗೊತ್ತಾದಾಗ ಗೂಡಿಗೆ ಹಾಸಿಕೊಂಡಿತು.

ದ್ಯಾಮಕ್ಕ ಹುಣಸೆ ಮರದ ಕೆಳಗೆ ನಿಂತಳು.

"ಕಾಗಕ್ಕಾ ಕಾಗಕ್ಕಾ, ಅರಿವೆ ಕೊಡು.
ಅರಿವೆ ಕೊಟ್ರ ಎಣ್ಣಿ ಸೋಸ್ತೀನಿ.
ಎಣ್ಣಿ ಸೋಸಿದ್ರ ಗುಡ್ಡಪ್ಪ ಓಡ್ತಾನ.
ಗುಡ್ಡಪ್ಪ ಓಡಿದ್ರ ಗುಡ್ಡದ ಮಕ್ಕಳು ಬರ್ತಾರ."

ಕಾಗಕ್ಕ ಕೊಡಲಿಲ್ಲ. "ನನ್ನ ಮರಿ ಮುಳ್ಳಿನ ಮ್ಯಾಲೆ ಮಲಗಬೇಕೇನು? ಮೆತ್ತನ ಹತ್ತಿ ತಾ. ಅರಿವೆ ಒಯ್ಯಿ."

ದ್ಯಾಮಕ್ಕ ಗಾದಿ ಮಾಡುವ ಮೌಲಾಸಾಬನ ಅಂಗಡಿಗೆ ಹೋದಳು.

"ಮೌಲಾಸಾಬಣ್ಣಾ, ಹತ್ತಿ ಕೊಡು.
ಹತ್ತಿ ಕೊಟ್ರ ಕಾಗಕ್ಕ ಅರಿವೆ ಕೊಡ್ತಾಳ.
ಅರಿವೆ ಕೊಟ್ರ ಎಣ್ಣಿ ಸೋಸ್ತೀನಿ.
ಎಣ್ಣಿ ಸೋಸಿದ್ರ ಗುಡ್ಡಪ್ಪ ಓಡ್ತಾನ.
ಗುಡ್ಡಪ್ಪ ಓಡಿದ್ರ ಗುಡ್ಡದ ಮಕ್ಕಳು ಬರ್ತಾರ."

ಹತ್ತಿ ರಾಶಿ ಬಿದ್ದಿತ್ತು. ಆದರೆ ಗಂಟುಗಂಟು. ಹಿಂಜಿದರೆ ಮೆತ್ತಗಾಗುತ್ತದೆ. ಮೌಲಾಸಾಬ ಹಿಂಜುವ ಬಿಲ್ಲನ್ನು ಗೋಡೆಗೆ ಒರಗಿಸಿ ಕೂತಿದ್ದ.

"ದಿನಾ ಹನ್ನೊಂದು ಗಂಟೆಕ್ಕ ಎರಡು ಬಿಸಿ ಮಿರ್ಚಿ ತಿನ್ನಾಂವ ನಾನು. ಇವತ್ತು ಸಿಕ್ಕಿಲ್ಲ. ಕೈ ಏಳವಲ್ದು. ಮಿರ್ಚಿ ತಾ. ಹತ್ತಿ ಒಯ್ಯಿ."

ದ್ಯಾಮಕ್ಕ ಮಿರ್ಚಿ ಕರಿಯುವ ಕಾಶವ್ವನ ಗಾಡಿಗೆ ಹೋದಳು. ಗುಡ್ಡಪ್ಪನಿಗೆ ಎಣ್ಣೆ ಕೊಡುವವಳು ಇದೇ ಕಾಶವ್ವ.

"ಕಾಶವ್ವಾ, ಮಿರ್ಚಿ ಕೊಡು.
ಮಿರ್ಚಿ ಕೊಟ್ರ ಮೌಲಾಸಾಬಣ್ಣ ಹತ್ತಿ ಕೊಡ್ತಾನ.
ಹತ್ತಿ ಕೊಟ್ರ ಕಾಗಕ್ಕ ಅರಿವೆ ಕೊಡ್ತಾಳ.
ಅರಿವೆ ಕೊಟ್ರ ಎಣ್ಣಿ ಸೋಸ್ತೀನಿ.
ಎಣ್ಣಿ ಸೋಸಿದ್ರ ಗುಡ್ಡಪ್ಪ ಓಡ್ತಾನ.
ಗುಡ್ಡಪ್ಪ ಓಡಿದ್ರ ಗುಡ್ಡದ ಮಕ್ಕಳು ಬರ್ತಾರ."

ಕಾಶವ್ವ ಖಾಲಿ ಡಬ್ಬಿ ಬೋರಲು ಹಾಕಿ ತೋರಿಸಿದಳು. "ಒಲಿ ಐತಿ, ಮೆಣಸಿನಕಾಯಿ ಐತಿ, ಕಡಲಿ ಹಿಟ್ಟು ಇಲ್ಲ. ಹಿಟ್ಟು ತಾ ಯಕ್ಕಾ. ಮಿರ್ಚಿ ಒಯ್ಯಿ."

ದ್ಯಾಮಕ್ಕ ಗಿರಣಿ ಈರಣ್ಣನ ಹತ್ತಿರ ಓಡಿದಳು. ಓಡೋಡುತ್ತಲೇ ಹೇಳಿದಳು.

"ಈರಣ್ಣಾ, ಹಿಟ್ಟು ಕೊಡು.
ಹಿಟ್ಟು ಕೊಟ್ರ ಕಾಶವ್ವ ಮಿರ್ಚಿ ಕೊಡ್ತಾಳ.
ಮಿರ್ಚಿ ಕೊಟ್ರ ಮೌಲಾಸಾಬಣ್ಣ ಹತ್ತಿ ಕೊಡ್ತಾನ.
ಹತ್ತಿ ಕೊಟ್ರ ಕಾಗಕ್ಕ ಅರಿವೆ ಕೊಡ್ತಾಳ.
ಅರಿವೆ ಕೊಟ್ರ ಎಣ್ಣಿ ಸೋಸ್ತೀನಿ.
ಎಣ್ಣಿ ಸೋಸಿದ್ರ ಗುಡ್ಡಪ್ಪ ಓಡ್ತಾನ.
ಗುಡ್ಡಪ್ಪ ಓಡಿದ್ರ ಗುಡ್ಡದ ಮಕ್ಕಳು ಬರ್ತಾರ."

ಈರಣ್ಣ ಕೈ ಚೆಲ್ಲಿದ. "ಕಡಲಿ ಬ್ಯಾಳಿ ಮೂಟೆ ಬಸ್ಸಿನವರು ಕೆರೆ ಏರಿ ಮ್ಯಾಲೆ ಇಳಿಸಿ ಹೋಗ್ಯಾರ. ತಲಿ ಮ್ಯಾಲೆ ಹೊರೂ ಮೂಟೆ ಅಲ್ಲ ಅದು. ನಿನ್ನ ಗುಡ್ಡಪ್ಪ ಹೋಗಿ ತರಬೇಕು. ಮೂಟೆ ತಾ. ಹಿಟ್ಟು ಒಯ್ಯಿ."

ನೋಡಿದಿರಾ ಮಕ್ಕಳೇ? ಸುತ್ತಿ ಸುತ್ತಿ ಮತ್ತೆ ಗುಡ್ಡಪ್ಪನ ಹತ್ತಿರವೇ ಬಂತು.

ದ್ಯಾಮಕ್ಕ ಕಾಲೆಳೆದುಕೊಂಡು ಮನೆಗೆ ಬಂದಳು. ಸಣ್ಣ ದನಿಯಲ್ಲಿ ಕೇಳಿದಳು.

"ಗುಡ್ಡಪ್ಪಾ, ಮೂಟೆ ತಾರೋ.
ಮೂಟೆ ತಂದ್ರ ಈರಣ್ಣ ಹಿಟ್ಟು ಕೊಡ್ತಾನ.
ಹಿಟ್ಟು ಕೊಟ್ರ ಕಾಶವ್ವ ಮಿರ್ಚಿ ಕೊಡ್ತಾಳ.
ಮಿರ್ಚಿ ಕೊಟ್ರ ಮೌಲಾಸಾಬಣ್ಣ ಹತ್ತಿ ಕೊಡ್ತಾನ.
ಹತ್ತಿ ಕೊಟ್ರ ಕಾಗಕ್ಕ ಅರಿವೆ ಕೊಡ್ತಾಳ.
ಅರಿವೆ ಕೊಟ್ರ ಎಣ್ಣಿ ಸೋಸ್ತೀನಿ.
ಎಣ್ಣಿ ಸೋಸಿದ್ರ ನೀನು ಓಡ್ತಿ.
ನೀನು ಓಡಿದ್ರ ಗುಡ್ಡದ ಮಕ್ಕಳು ಬರ್ತಾರ."

ಗುಡ್ಡಪ್ಪ ಹೇಳಿದ್ದು ಒಂದೇ ಮಾತು. "ತಿಳಿ ಎಣ್ಣಿ ಕೊಡು."

ದ್ಯಾಮಕ್ಕ ಹಿತ್ತಲಲ್ಲಿ ಕೂತುಬಿಟ್ಟಳು. ಗುಡ್ಡದ ಮೇಲೆ ಹನ್ನೊಂದು ಮಕ್ಕಳು. ಕೈಯಲ್ಲಿ ಲೇಜಿಮ್. ಕಣ್ಣು ದಾರಿಯ ಮೇಲೆ. ಅವಳಿಗೆ ಅಳು ಬಂತು. ಎಂದೂ ತಪ್ಪಿಸದ ಗುಡ್ಡಪ್ಪ ಇವತ್ತೇ ತಪ್ಪಿಸಬೇಕೇ?

ಕಣ್ಣು ಒರೆಸಿಕೊಂಡಳು. ಎದುರಿಗೆ ಹಂಡೆ ಕಂಡಿತು. ಹತ್ತು ದಿನ ಯಾರೂ ಮುಟ್ಟದ ಹಂಡೆ. ಯಾರೂ ಅಲುಗಾಡಿಸದ ಹಂಡೆ.

ಮೆಲ್ಲಗೆ ಮುಚ್ಚಳ ತೆಗೆದಳು. ಉಸಿರು ಬಿಗಿಹಿಡಿದು ಬಗ್ಗಿದಳು. ಕರಿ ಚೂರೆಲ್ಲ ಕೆಳಗೆ ಕೂತಿತ್ತು. ನಡುವೆ ಮಬ್ಬು. ಎಲ್ಲಕ್ಕಿಂತ ಮೇಲೆ, ನಾಲ್ಕು ಬೆರಳಷ್ಟು, ಎಣ್ಣೆ ತಾನೇ ತಿಳಿಯಾಗಿತ್ತು. ಅವಳ ಮುಖ ಅದರಲ್ಲಿ ಕಾಣುತ್ತಿತ್ತು.

ಸೌಟು ತಂದಳು. ಮೆಲ್ಲಗೆ ಒಂದು ಸೌಟು. ಮೆಲ್ಲಗೆ ಇನ್ನೊಂದು ಸೌಟು. ಕದಡಬಾರದು, ಕದಡಬಾರದು. ಒಂದು ಚೊಂಬು ತುಂಬಿತು. ಅಷ್ಟೇ. ಗುಡ್ಡ ಹತ್ತಲು ಸಾಲದು. ಕೆರೆ ಏರಿಗೆ ಹೋಗಿ ಬರಲು ಸಾಕು.

ಗುಡ್ಡಪ್ಪ ಒಂದು ಗುಟುಕು ಡೀಸೆಲ್ ಕುಡಿದು ಎದ್ದ. ಚೊಂಬಿನ ಎಣ್ಣೆ ಕುಡಿದ. ಚೂರು ಇದೆಯೇ ಅಂತ ನೋಡಿದ. ಇರಲಿಲ್ಲ.

ಗುಡುಗುಡು ಗುಡುಗುಡು! ಈರಣ್ಣನೂ ಹಾರಿ ಹತ್ತಿದ. ಇಬ್ಬರೂ ಸೇರಿ ಮೂಟೆ ಎತ್ತಿ ಹಾಕಿದರು.

ಗುಡ್ಡಪ್ಪ ಮೂಟೆ ತಂದ. ಈರಣ್ಣ ಗರಗರ ಬೀಸಿ ಹಿಟ್ಟು ಕೊಟ್ಟ.
ಹಿಟ್ಟು ಬಂತು. ಕಾಶವ್ವ ಚೊರಚೊರ ಕರಿದು ಮಿರ್ಚಿ ಕೊಟ್ಟಳು.
ಮಿರ್ಚಿ ಬಂತು. ಮೌಲಾಸಾಬ ಎರಡೂ ತಿಂದು, ಟೊಂಯ್ ಟೊಂಯ್ ಹಿಂಜಿ ಹತ್ತಿ ಕೊಟ್ಟ.
ಹತ್ತಿ ಬಂತು. ಕಾಗಕ್ಕ ಮರಿಗಳನ್ನು ಅದರ ಮೇಲೆ ಮಲಗಿಸಿ ಅರಿವೆ ಕೆಳಗೆ ಬಿಟ್ಟಳು.
ಅರಿವೆ ಬಂತು. ದ್ಯಾಮಕ್ಕ ಕಣ್ಣಿಗೆ ಒತ್ತಿಕೊಂಡಳು. ತೊಳೆದಳು, ಬಿಸಿಲಿಗೆ ಹಿಡಿದು ಒಣಗಿಸಿದಳು, ತೊಟ್ ತೊಟ್ ತೊಟ್ ಎಣ್ಣೆ ಸೋಸಿದಳು.
ಎಣ್ಣೆ ಬಂತು. ಗುಡ್ಡಪ್ಪ ಹೊಟ್ಟೆ ತುಂಬ ಕುಡಿದು ಓಡಿದ.

ಗುಡ್ಡದ ಮೇಲೆ ದೊಡ್ಡ ಮಕ್ಕಳು ಲೇಜಿಮ್ ಕೆಳಗಿಟ್ಟಿದ್ದರು. ಇನ್ನು ಬರೋದಿಲ್ಲ ಅನ್ನುತ್ತಿದ್ದರು. ಎಲ್ಲರಿಗಿಂತ ಸಣ್ಣವಳು ಮಾಳಿ ಮಾತ್ರ ಲೇಜಿಮ್ ಬಿಟ್ಟಿರಲಿಲ್ಲ. ಕೆಳಗಿನಿಂದ ಗಾಳಿ ಬೀಸಿತು. ಮಾಳಿ ಮೂಗು ಅರಳಿಸಿದಳು.

"ಗುಡ್ಡಪ್ಪ ಬಂದ," ಅಂದಳು.

ಯಾರಿಗೂ ಏನೂ ಕೇಳಿಸಲಿಲ್ಲ. ಯಾರಿಗೂ ಏನೂ ಕಾಣಿಸಲಿಲ್ಲ. ಆಮೇಲೆ ಒಂದು ತಿರುವು, ಎರಡು ತಿರುವು, ಮೂರು, ನಾಲ್ಕು, ಐದು, ಆರು, ಏಳು ತಿರುವು. ಗುಡುಗುಡು ಗುಡುಗುಡು!

ಸರಿಯಾಗಿ ನಾಲ್ಕು ಗಂಟೆಗೆ ಶಾಲೆಯ ಅಂಗಳದಲ್ಲಿ ಝಣ್ ಝಣ್ ಲೇಜಿಮ್. ಜನ ಚಪ್ಪಾಳೆ ತಟ್ಟಿದರು. ಇವರನ್ನು ಕರೆತಂದ ಜೀಪು ಯಾರದು ಅಂತ ಯಾರೋ ಕೇಳಿದರು.

ಮೂಟೆ ಎತ್ತಿದವನು ನಾನು ಅಂದ ಈರಣ್ಣ. ಎಣ್ಣೆ ನನ್ನದು ಅಂದಳು ಕಾಶವ್ವ. ಹತ್ತಿ ನನ್ನದು ಅಂದ ಮೌಲಾಸಾಬ. ಗೋಡೆಯ ಮೇಲೆ ಕೂತ ಕಾಗಕ್ಕ ಕಾ ಅಂದಳು.

ನನ್ನ ಗುಡ್ಡಪ್ಪ ಅನ್ನಬೇಕೆಂದು ದ್ಯಾಮಕ್ಕ ಬಾಯಿ ತೆರೆದಿದ್ದಳು. ಎಲ್ಲರ ಮುಖ ನೋಡಿದಳು. ಎದೆ ತುಂಬಿ ಬಂತು.

"ನಮ್ಮ ಗುಡ್ಡಪ್ಪ ರೀ," ಅಂದಳು.

ಅವತ್ತಿನಿಂದ ದ್ಯಾಮಕ್ಕ ಅರಿವೆಗೆ ಸೋಪು ಹಚ್ಚದೆ ಒಣಹಾಕಿಲ್ಲ. ಗೋಡೆಯ ಮೇಲೆ ಕಾಗಕ್ಕನಿಗೆ ಒಂದು ಭಜಿ ಇಡೋದನ್ನೂ ಮರೆತಿಲ್ಲ.

ಗುಡ್ಡಪ್ಪ ಗುಡ್ಡ ಇಳಿದ, ನಮ್ಮ ಕಥೆಯೂ ಇಳೀತು. ಈಗ ನೀವೂ ಒಮ್ಮೆ ಮೂಗು ಅರಳಿಸಿ. ವಾಸನೆ ಬಂತೇ?