ಬೋರಲಿಂಗ ಮನೆ ಸಿಂಗರಿಸಿದ್ದು

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹಿಂದಿನೋರು ಮುಂದಿನೋರನ್ನ ತಳ್ಬೇಡಿ. ನಗು ಬಂದ್ರೆ ನಗಿ, ಆದ್ರೆ ನಡುವೆ ಬಾಯಿ ಹಾಕಿದ್ರೆ ನಾನು ಎದ್ದು ಹೋಗೋಳೇ, ಈಗಲೇ ಹೇಳಿದ್ದೀನಿ.

ಮೂಡಲಕೊಪ್ಪಲಲ್ಲಿ ಒಬ್ಬ ಅವ್ವ, ಒಬ್ಬ ಮಗ. ಅವ್ವ ದೊಡ್ಡತಾಯಮ್ಮ, ಮಗ ಬೋರಲಿಂಗ. ಆಳು ನೋಡಿದ್ರೆ ಆರಡಿ. ಬುದ್ಧಿ ಮಾತ್ರ ಕೇಳ್ಬೇಡಿ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಜೊತೆಗೆ ಬಾಯಿ ತೆರೆದ್ರೆ ಪ್ರಶ್ನೆ. "ಯಾಕವ್ವಾ? ಹೆಂಗವ್ವಾ? ಹಂಗಾದ್ರೆ ಇದ್ಯಾಕವ್ವಾ?"

"ನಾನು ಕಣ್ಣು ಮುಚ್ಚಿದ್ರೆ ಈ ಮಗನಿಗೆ ಯಾರಪ್ಪಾ ದಿಕ್ಕು!" ಅಂತ ಅವಳಿಗೆ ಒಂದೇ ಚಿಂತೆ. ಮೂರು ಮನೆ ಹೆಣ್ಣಿನ ಕಡೆಯೋರು ಬಂದ್ರು, ಮನೆ ನೋಡಿದ್ರು, ಕಾಫಿ ಕುಡಿದ್ರು, ಹೋದ್ರು. ಹೋದೋರು ಹೋದ್ರು, ತಿರುಗಿ ನೋಡ್ಲಿಲ್ಲ. ಈಗ ನಾಲ್ಕನೇ ಮನೆಯೋರು ಬರ್ತಾರೆ ಅಂತ ಸುದ್ದಿ ಬಂತು. ಇವರೂ ಒಲ್ಲೆ ಅಂದ್ರೆ ಮುಗೀತು, ಬೋರಲಿಂಗನಿಗೆ ಹೆಣ್ಣು ಕೊಡೋ ಮನೆ ಸುತ್ತಮುತ್ತ ಇನ್ನೊಂದಿಲ್ಲ.

"ಮಗಾ, ಮನೆ ಲಕ್ಷಣವಾಗಿ ಕಾಣ್ಬೇಕು ಕಣ್ಲಾ. ಹೋಗು, ತೋರಣಕ್ಕೆ ಮಾವಿನ ಸೊಪ್ಪು ತಗೊಂಡು ಬಾ."

"ಆಗ್ಲವ್ವಾ!"

ಹೋದ. ಕೊಯ್ದ. ದಾರೀಲಿ ಹುಣಸೇಮರದ ಕೆಳಗೆ ಕೂತು, ಸೊಪ್ಪನ್ನ ಬಂಡೆ ಮೇಲೆ ಬಿಸಿಲಿಗೆ ಹರವಿ, ಹೊತ್ತು ಇಳಿಯೋವರೆಗೆ ನೋಡ್ತಾ ಇದ್ದ. ಮನೆಗೆ ತಂದಾಗ ಎಲೆ ಎಲ್ಲಾ ಸುರುಟಿಕೊಂಡು ಹಪ್ಪಳ!

"ಏನ್ಲಾ ಇದು!"

"ಮರದ ಮೇಲಿದ್ದಾಗಲೂ ಇದೇ ಬಿಸಿಲು ತಾನೇ ಅವ್ವಾ? ಅಲ್ಲಿ ಬಾಡದ್ದು ಬಂಡೆ ಮೇಲೆ ಯಾಕೆ ಬಾಡ್ತು ಅಂತ ನೋಡ್ತಿದ್ದೆ."

"ನಿನ್ನ ಪ್ರಶ್ನೆಗೆ ಬೆಂಕಿ ಹಾಕ! ಒದ್ದೆ ಬಟ್ಟೇಲಿ ಸುತ್ತಿ, ನೀರು ಚಿಮುಕಿಸ್ತಾ ಚಿಮುಕಿಸ್ತಾ ತರ್ಬೇಕು, ತಿಳೀತಾ?"

"ತಿಳೀತವ್ವಾ!"

ಮಾರನೇ ದಿನ ರಂಗೋಲಿ ಪುಡಿಗೆ ಕಳಿಸಿದ್ಲು. ಒದ್ದೆ ಬಟ್ಟೇಲಿ ಸುತ್ತಿದ. ನೀರು ಚಿಮುಕಿಸಿದ, ಚಿಮುಕಿಸಿದ. ದಾರಿಯುದ್ದಕ್ಕೂ ಬೆಳ್ಳಗೆ ಸೋರ್ಕೊಂಡು ಬಂತು. ಬೀದಿಗೆಲ್ಲಾ ರಂಗೋಲಿ, ಇವರ ಬಾಗಿಲಿಗೆ ಖಾಲಿ ಬಟ್ಟೆ!

"ಅಯ್ಯೋ ನನ್ನ ಹಣೆಬರಹವೇ! ಗಡಿಗೇಲಿ ಹಾಕಿ, ಬಾಯಿಗೆ ಬಟ್ಟೆ ಬಿಗಿದು, ಗಾಳಿ ಆಡದ ಹಾಗೆ ತರ್ಬೇಕು ಕಣ್ಲಾ!"

"ಹಂಗೇ ಆಗ್ಲವ್ವಾ!"

ಆಮೇಲೆ ಚೆಂಡುಹೂವಿಗೆ ಕಳಿಸಿದ್ಲು. ನಿಮಗೇ ಗೊತ್ತಾಯ್ತಲ್ಲ! ಗಡಿಗೆಗೆ ಅದುಮಿದ, ಬಾಯಿ ಬಿಗಿದ, ಒಲೆ ಪಕ್ಕ ಇಟ್ಟ. ಬೆಳಿಗ್ಗೆ ಬಿಚ್ಚಿದ್ರೆ ಹೂವೆಲ್ಲಾ ಬೆಂದು ಗೊಜ್ಜು.

"ಅವ್ವಾ, ಹೂವಿಗೂ ಉಸಿರು ಕಟ್ತದಾ?"

ದೊಡ್ಡತಾಯಮ್ಮ ತಲೆ ತಲೆ ಚಚ್ಕೊಂಡ್ಲು. "ಮನೆ ಚಂದಕ್ಕೆ ಅಂತ ಬಂದದ್ದನ್ನ ಯಾರಾದ್ರೂ ಮುಚ್ಚಿಡ್ತಾರಾ? ಬಾಗಿಲ ಕಂಬಕ್ಕೆ ಕಟ್ಟಿ, ಬುಡಕ್ಕೆ ನೀರು ಹುಯ್ದು, ನಾಲ್ಕು ಜನಕ್ಕೆ ಕಾಣೋ ಹಂಗೆ ನಿಲ್ಲಿಸ್ಬೇಕು! ಹೋಗ್ಲಿ ಬಿಡು. ನೆಂಟರು ಬರೋದೇ ಮನೆಗೊಂದು ಚಂದ. ನಾನು ಪಕ್ಕದ ಮನೇಲಿ ಹಾಲು ಇಸ್ಕೊಂಡು ಬರ್ತೀನಿ."

ಅವಳು ಆ ಕಡೆ ಹೋದ್ಲು, ಹೆಣ್ಣಿನ ಕಡೆಯೋರು ಈ ಕಡೆ ಬಂದ್ರು. ಹುಡುಗಿ ಅಪ್ಪ ನಿಂಗೇಗೌಡ್ರು, ಜೊತೆಗೆ ಅವರವ್ವ, ಅಂದ್ರೆ ಹುಡುಗಿ ಅಜ್ಜಿ. ಇಬ್ಬರೇ.

ಬೋರಲಿಂಗ ನೋಡಿದ. ಮನೆ ಚಂದಕ್ಕೆ ಬಂದೋರು! ಜಗಲಿಗೆ ಕಂಬ ಎರಡು, ಬಂದೋರೂ ಇಬ್ಬರು!

"ಗೌಡ್ರೇ, ನೀವು ಈ ಕಂಬಕ್ಕೆ ಒರಗಿ. ಅಜ್ಜೀ, ನೀವು ಆ ಕಂಬಕ್ಕೆ." ಹಗ್ಗ ತಂದ, ಸುತ್ತೋಕೆ ಶುರು ಮಾಡಿದ.

"ಅವ್ವಾ, ಏನಿದು?" ಅಂದ್ರು ಗೌಡ್ರು, ಮೆಲ್ಲಗೆ.

"ಸುಮ್ನಿರೋ," ಅಂದ್ಲು ಅಜ್ಜಿ. "ಈ ಊರ ಶಾಸ್ತ್ರ ಇರ್ಬೇಕು."

ಶಾಸ್ತ್ರ ಅಂದ ಮೇಲೆ ಮಾತಾಡೋ ಹಾಗುಂಟಾ? ಕೈಕಟ್ಟಿ ನಿಂತ್ಕೊಂಡ್ರು. ಆಮೇಲೆ ಬಿಂದಿಗೆ ತಂದು ಕಾಲಿಗೆ ನೀರು ಹುಯ್ದ. ಗೌಡ್ರಿಗೆ ಸಮಾಧಾನ. ಕಾಲಿಗೆ ನೀರು ಕೊಡೋದು ಎಲ್ಲಾ ಊರಲ್ಲೂ ಇದ್ದದ್ದೇ. ಒಂದು ಬಿಂದಿಗೆ ಆಯ್ತು. ಎರಡಾಯ್ತು. ಆರಾಯ್ತು!

"ಅಜ್ಜೀ, ಹಗ್ಗ ಬಿಗಿ ಆಯ್ತಾ? ಮನುಷ್ಯರು ನೀರನ್ನ ಬಾಯಲ್ಲಿ ಕುಡೀತಾರೆ, ಮರ ಬುಡದಲ್ಲಿ ಕುಡೀತದೆ. ಯಾಕಜ್ಜೀ?"

ಅಷ್ಟೊತ್ತಿಗೆ ದೊಡ್ಡತಾಯಮ್ಮ ಬಂದ್ಲು. ಹಾಲಿನ ಚೊಂಬು ಕೈಯಿಂದ ಧೊಪ್ ಅಂತ ಬಿತ್ತು. "ಅಯ್ಯಯ್ಯೋ! ಕೆಟ್ಟೆನಲ್ಲಪ್ಪೋ!" ಅಂತ ಓಡಿ ಹಗ್ಗ ಬಿಚ್ಚಿದ್ಲು, ಕಾಲಿಗೆ ಬಿದ್ಲು. "ಲೋ ಪೆದ್ದಾ! ಬಂದೋರಿಗೆ ಕೈಮುಗಿದು, ಒಳಗೆ ಕರೆದು, ಚಾಪೆ ಹಾಸಿ ಕೂರಿಸಿ, ಪಾನಕ ಕೊಟ್ಟು, 'ದಾರೀಲಿ ದಣಿವಾಯ್ತಾ' ಅಂತ ವಿಚಾರಿಸ್ಬೇಕು ಕಣ್ಲಾ!" ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು. ನಾಲ್ಕನೇ ಮನೇನೂ ಹೋಯ್ತು ಅಂತ ಅವಳ ಲೆಕ್ಕ.

ಗೌಡ್ರು ಪಂಚೆ ಹಿಂಡ್ತಾ ಹೊರಟೇಬಿಟ್ರು. ಅಜ್ಜಿ ಮಾತ್ರ ಕದಲಲಿಲ್ಲ.

"ನಿಂತ್ಕೋ ನಿಂಗಾ! ನಮ್ಮ ಹೊನ್ನಿ ದಿನಕ್ಕೆ ನೂರು ಸಲ 'ಯಾಕೆ' ಅಂತಾಳೆ. ಮನೇಲಿ ಎಲ್ಲರೂ ಅವಳ ಬಾಯಿ ಮುಚ್ಚಿಸೋರೇ. ಕಂಡ ಗಂಡುಗಳೂ ಹಂಗೇ. ಇವನು ಮರ ಬುಡದಲ್ಲಿ ಯಾಕೆ ಕುಡೀತದೆ ಅಂದ. ಮೊನ್ನೆ ಅವಳೂ ಇದನ್ನೇ ಕೇಳಿದ್ಲು, ನೀನು ಗದರಿಸಿದ್ದೆ. ಹೆಣ್ಣು ಈ ಮನೆಗೇ ಕಣೋ!"

ತಮ್ಮವ್ವ ಹೇಳಿದ ಮಾತಿಗೆ ಗೌಡ್ರು ಎದುರಾಡೋ ಹಾಗಿಲ್ಲ. ಗಂಡಿನ ಮನೇಲೇ ಮದುವೆ ಅಂತ ಆಯ್ತು. ದೊಡ್ಡತಾಯಮ್ಮ ಆ ರಾತ್ರಿ ಹೊಟ್ಟೆ ತುಂಬಾ ಉಂಡಳು.

ಮದುವೆ ದಿನ ಬಂತು. ಊರವರೇ ಸೇರಿ ತೆಂಗಿನ ಗರಿ ಹೊದಿಸಿ ಚಪ್ಪರ ಹಾಕಿದ್ರು. ಬಾಗಿಲಿಗೆ ಬಾಳೆಕಂದು ಕಟ್ಟೋದೊಂದೇ ಬಾಕಿ. "ತೋಟದೋರು ಎರಡು ಕಂದು ಕಳಿಸ್ತಾರೆ, ಬಂದ ತಕ್ಷಣ ನೋಡ್ಕೊಳ್ಳಪ್ಪಾ," ಅಂತ ಹೇಳಿ ಅವ್ವ ಅಡುಗೆ ಕಡೆ ಹೋದ್ಲು.

ದಿಬ್ಬಣ ಬಂದು ನಿಂತ್ರೆ ಬಾಗಿಲು ಬೋಳು! ಒಂದು ಕಂದೂ ಇಲ್ಲ!

"ಬೋರಲಿಂಗಾ! ಎಲ್ಲೋ ಬಾಳೆಕಂದು?"

"ಒಳಗೆ ಅವೆ ಅವ್ವಾ!"

ಎಲ್ಲರೂ ನುಗ್ಗಿ ಒಳಗೆ ನೋಡ್ತಾರೆ. ನಡುಮನೇಲಿ ಹೊಸ ಚಾಪೆ ಹಾಸಿದೆ. ಚಾಪೆ ಮೇಲೆ ಎರಡು ಬಾಳೆಕಂದು ಗೋಡೆಗೆ ಒರಗಿ ಕೂತಿವೆ. ಒಂದೊಂದರ ಮುಂದೆ ಒಂದೊಂದು ಲೋಟ ಪಾನಕ. ಬಾಸಿಂಗ ಕಟ್ಟಿಕೊಂಡ ಮದುಮಗ ಎದುರಿಗೆ ಕೈಮುಗಿದು ನಿಂತು ಕೇಳ್ತಿದ್ದಾನೆ:

"ದಾರೀಲಿ ದಣಿವಾಯ್ತಾ? ಯಾಕೆ ಕುಡೀತಿಲ್ಲ?"

ದಿಬ್ಬಣದೋರೆಲ್ಲಾ ಗೊಳ್ಳಂತ ನಕ್ರು. ಹೊನ್ನಿ ಒಬ್ಬಳು ನಗ್ಲಿಲ್ಲ. ಸೀರೆ ನೆರಿಗೆ ಎತ್ತಿ ಹಿಡ್ಕೊಂಡು ಬಂದ್ಲು, ಬಗ್ಗಿ ನೋಡಿದ್ಲು.

"ಇವು ಬಾಯಲ್ಲಿ ಹೆಂಗೆ ಕುಡಿದಾವು? ಬುಡದಲ್ಲಿ ತಾನೇ ಕುಡಿಯೋದು!" ಅಂದು, ಎರಡೂ ಲೋಟ ಎತ್ತಿ, ಹೊಸ ಚಾಪೆ ಮೇಲೆ, ಬಾಳೆ ಬುಡಕ್ಕೆ ಗೊಳ ಗೊಳ ಸುರಿದೇಬಿಟ್ಲು.

ಬೋರಲಿಂಗನ ಮುಖ ಅರಳಿತು. "ಇನ್ನೂ ಇದೆ, ತರ್ಲಾ?"

"ತನ್ನಿ! ಬೆಲ್ಲ ಜಾಸ್ತಿ ಹಾಕಿ ತನ್ನಿ, ಕಾಯಿ ಸಿಹಿ ಆಗ್ತದಾ ನೋಡೋಣ!"

ದೊಡ್ಡತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಪೆ ಒರೆಸೋಕೆ ಬಗ್ಗಿದ್ಲು. "ಅಯ್ಯೋ ಶಿವನೇ! ಒಬ್ಬನಿದ್ದ, ಈಗ ಇಬ್ಬರಾದ್ರಲ್ಲಪ್ಪಾ!"