ಕಂಚುಗಾರನ ಕಿವಿ

"ಅಜ್ಜಾರ, ಅನಾಹತ ನಾದ ಕೇಳಿಸಿದವರು ಮುಂದ ಏನ ಮಾಡಬೇಕ್ರಿ?" ಎಂದು ಅಡಿವೆಪ್ಪ ಮಠದ ಹಿರಿಯ ಸ್ವಾಮಿಗಳನ್ನು ಕೇಳಿದ.

ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಜಲ್ಲಿ ಕ್ರಷರ್‌ನಲ್ಲಿ ದುಡಿಯುತ್ತಿದ್ದ. ಧ್ಯಾನಕ್ಕೆ ಕೂತಾಗ ಕಿವಿಯೊಳಗೆ ಸಣ್ಣಗೆ, ಎಡೆಬಿಡದೆ ಒಂದು ನಾದ ಮೊಳಗುತ್ತದೆ ಎಂದು ಅವನು ಜೊತೆಯವರಿಗೆ ಹೇಳಿದ್ದ. ಯೋಗಿಗಳಿಗೆ ಮಾತ್ರ ಕೇಳಿಸುವ ನಾದ ಅದೇ ಇರಬೇಕೆಂದು ಜೊತೆಯವರು ತೀರ್ಮಾನಿಸಿದರು. ಅಮಾವಾಸ್ಯೆಗೆ ಬರುವ ಭಕ್ತರಲ್ಲಿ ಕೆಲವರು ಅವನ ಕಾಲು ಮುಟ್ಟತೊಡಗಿದರು. ಅವನೂ ಬೇಡ ಅನ್ನಲಿಲ್ಲ. ದಾಸೋಹದ ಮನೆಯಲ್ಲಿ ತಾಟು ಬಿದ್ದರೆ ಅವನಿಗೆ ಎದೆ ನಡುಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಪಂಕ್ತಿಯಲ್ಲಿ ಕೂತು ಉಣ್ಣುವುದನ್ನೇ ಬಿಟ್ಟಿದ್ದ. ಇದು ವೈರಾಗ್ಯ ಎಂದು ತಾನೇ ಹೆಸರಿಟ್ಟುಕೊಂಡಿದ್ದ. ಗುಡ್ಡದ ಗವಿಯಲ್ಲಿ ಒಬ್ಬನೇ ಕೂತು ಆ ನಾದವನ್ನು ಕೇಳಲು ಅಪ್ಪಣೆ ಬೇಕು, ಅದಕ್ಕೇ ಬಂದಿದ್ದೇನೆ ಎಂದ.

"ಅನಾಹತ ಎಂದರೇನಪ್ಪಾ?" ಎಂದು ಅಜ್ಜ ಕೇಳಿದರು.

"ಪೆಟ್ಟು ಬೀಳದನ ಹುಟ್ಟಿದ್ದರೀ."

"ಕ್ರಷರ್‌ನಲ್ಲಿ ಎಷ್ಟು ವರ್ಷ ಇದ್ದೆ?"

"ಹನ್ನೊಂದು ವರ್ಷರೀ."

ಅಜ್ಜ ನಕ್ಕರು. ಒಂದು ತಾಟಿಗೆ ಹೆದರುವ ವೈರಾಗ್ಯವನ್ನು ತಾವು ಈ ವಯಸ್ಸಿನವರೆಗೆ ಕಂಡಿಲ್ಲ ಎಂದರು. ಗವಿ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಇದನ್ನು ಕೇಳು ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಗಂಟೆ ಎರಕ ಹೊಯ್ಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಅವನೇ ಹೇಳುತ್ತಿದ್ದ. ಹೇಳಿಕೊಳ್ಳುವಷ್ಟು ಕೆಲಸವೂ ಅವನ ಕೈಯಲ್ಲಿತ್ತು, ಆದ್ದರಿಂದ ಯಾರೂ ಮೂಗು ಮುರಿಯುತ್ತಿರಲಿಲ್ಲ.

ಅವನ ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಗಂಟೆಯನ್ನು ತೊಲೆಗೆ ತೂಗುಹಾಕಿ ಅವನು ಮರದ ಕೊಡತಿಯಿಂದ ಒಂದೇ ಒಂದು ಪೆಟ್ಟು ಕೊಡುತ್ತಿದ್ದ. ಆಗ ಓಣಿಯ ಸುತ್ತಿಗೆಗಳೆಲ್ಲ ಸುಮ್ಮನಾಗಬೇಕು. ತಿದಿ ಒತ್ತುವವರು ಕೈ ತೆಗೆಯಬೇಕು. ನಾದ ಅಡಗುವ ತನಕ ಅವನು ತನ್ನ ಉಸಿರು ಎಣಿಸುತ್ತಿದ್ದ. ಹನ್ನೆರಡು ಉಸಿರಿನವರೆಗೆ ನಾದ ಉಳಿದರೆ ಗಂಟೆಯ ಹೆಗಲಿನ ಮೇಲೆ ಉಳಿಯಿಂದ ಒಂದು ಬೇವಿನೆಲೆ ಕೊರೆಯುತ್ತಿದ್ದ. ಹನ್ನೊಂದಕ್ಕೇ ಅಡಗಿದರೆ ಅದನ್ನು ಒಡೆದು ಮತ್ತೆ ಮೂಸೆಗೆ ಹಾಕುತ್ತಿದ್ದ. ಬೇವಿನೆಲೆ ಇರುವ ಗಂಟೆಯನ್ನು ಕೊಳ್ಳುವವರು ಬಾರಿಸಿ ನೋಡುತ್ತಿರಲಿಲ್ಲ. ಎಲೆಯನ್ನು ನೋಡಿ ಗಾಡಿಗೆ ಏರಿಸುತ್ತಿದ್ದರು.

ಗಂಟೆಗೆ ಕೈ ಹಾಕುವ ಮುಂಚೆ ಇಪ್ಪತ್ತು ವರ್ಷ ಅವನು ಕೊಪ್ಪರಿಗೆ ಬಡಿದವನು. ದೊಡ್ಡ ಕೊಪ್ಪರಿಗೆಯಾದರೆ ಒಬ್ಬ ಒಳಗೆ ಕುಕ್ಕರುಗಾಲಲ್ಲಿ ಕೂತು ಕಬ್ಬಿಣದ ಗುಂಡನ್ನು ಒತ್ತಿ ಹಿಡಿಯಬೇಕು. ಹೊರಗಿನಿಂದ ಇಬ್ಬರು ಅದೇ ಜಾಗಕ್ಕೆ ಸುತ್ತಿಗೆ ಬೀಸುತ್ತಾರೆ. ಒಳಗಿನವನಿಗೆ ಎರಡೂ ಕೈಗೆ ಕೆಲಸ, ಕಿವಿ ಮುಚ್ಚಿಕೊಳ್ಳಲು ಮೂರನೆಯ ಕೈ ಇಲ್ಲ. ಉಳಿದವರು ಕಿವಿಗೆ ಅರಳೆ ತುರುಕಿಕೊಂಡು ಇಳಿಯುತ್ತಿದ್ದರು. ಇವನು ಅರಳೆ ಬೇಡ ಎನ್ನುತ್ತಿದ್ದ. ಕಂಚಿನ ಸದ್ದಿಗೆ ಹೆದರುವವನು ಕುಂಬಾರಿಕೆ ಮಾಡಲಿ ಎಂದು ಹಂಗಿಸುತ್ತಿದ್ದ.

ಗಂಟೆಯವನಾದ ಮೇಲೂ ದೊಡ್ಡ ಕೊಪ್ಪರಿಗೆ ಬಂದರೆ ಒಳಗೆ ಇಳಿಯುವವನು ಅವನೇ. ಹಾಗೆ ಇಳಿದವನು ಒಂದು ದಿನ ಕೊಪ್ಪರಿಗೆಯಿಂದ ಹೊರಗೆ ಬಂದ. ಸದ್ದೂ ಅವನ ಜೊತೆಗೇ ಹೊರಗೆ ಬಂತು. ಮೊದಮೊದಲು ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು. ಆಮೇಲೆ ಇಳಿಯುವುದನ್ನೇ ಬಿಟ್ಟಿತು. ಗಂಟೆಯವನ ಕಿವಿ ಕೆಟ್ಟಿದೆ ಎಂದರೆ ಗಂಟೆ ಕೊಳ್ಳುವವರು ಯಾರು? ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಇಪ್ಪತ್ತೆಂಟು ವರ್ಷ ಅವನ ಕುಲುಮೆಗೆ ತಿದಿ ಒತ್ತಿದವಳು ಅವಳು.

ಹೊಳೆಯಾಚೆಯ ಊರಿನವರು ತಮ್ಮ ಗುಡಿಗೆ ಒಂದು ಗಂಟೆ ಬೇಕೆಂದರು. ಅವನು ಎರಕ ಹೊಯ್ದ. ಕಂಚು ಆರುವಾಗ ಒಳಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಅದು ಕಣ್ಣಿಗೆ ಕಾಣುವಂಥದಲ್ಲ, ಕಿವಿಗೆ ಮಾತ್ರ ಸಿಗುವಂಥದು. ಓಣಿ ಸುಮ್ಮನಾಯಿತು. ಅವನು ಪೆಟ್ಟು ಕೊಟ್ಟು ಎಣಿಸಿದ. ಹನ್ನೆರಡಾಯಿತು, ಇಪ್ಪತ್ತಾಯಿತು, ನಲವತ್ತಾಯಿತು. ನಾದ ಅಡಗಲಿಲ್ಲ. ತನ್ನ ಜನ್ಮದಲ್ಲಿ ಇಂಥ ಗಂಟೆ ಹುಟ್ಟಿರಲಿಲ್ಲ ಎಂದು ಅವನ ಕಣ್ಣು ತುಂಬಿ ಬಂತು. ಎಂದಿಗಿಂತ ದೊಡ್ಡದಾಗಿ ಬೇವಿನೆಲೆ ಕೊರೆದ.

ಓಣಿಯವರಿಗೆ ಆ ನಾದ ಮೂರನೆಯ ಉಸಿರಿಗೇ ಸತ್ತದ್ದು ಕೇಳಿಸಿತ್ತು. ಆದರೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಷ್ಟು ದೊಡ್ಡ ಕಿವಿಗೆ ಕೇಳಿಸುವುದು ನಮ್ಮ ಕಿವಿಗೆ ಕೇಳಿಸದೆ ಇರಬಹುದು ಎಂದುಕೊಂಡರು. ಕೆಲವರು ಕೈಮುಗಿದರು ಕೂಡ.

ಎಂಟು ದಿನಕ್ಕೆ ಅದೇ ಗಾಡಿಯಲ್ಲಿ ಗಂಟೆ ವಾಪಸು ಬಂತು. ಹೊಳೆಯಾಚೆಯ ಹಿರಿಯರು ಬೈಯಲಿಲ್ಲ. ಗಂಟೆಯನ್ನು ಇಳಿಸಿ, ಬೇವಿನೆಲೆಯ ಮೇಲೆ ಬೆರಳಿಟ್ಟು, ಇದು ನಿಮ್ಮದೇ ಕೈಯೇನು ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಅವನು ಗಂಟೆಯನ್ನು ತೂಗುಹಾಕಿಸಿ ಎಲ್ಲರ ಮುಂದೆ ಬಾರಿಸಿದ. ಇನ್ನೂ ಮೊಳಗುತ್ತಿದೆ, ಕೇಳಿರಿ ಎಂದ. ಹೆಂಡತಿ ತಿದಿ ಬಿಟ್ಟು ಎದ್ದು ಬಂದಳು. ಎರಡೂ ಅಂಗೈಯನ್ನು ಗಂಟೆಯ ಮೇಲೆ ಊರಿದಳು.

"ಅದು ನಿಂತು ಬಾಳ ಹೊತ್ತಾತು," ಎಂದಳು.

ಅವಳ ಕೈ ಗಂಟೆಯ ಮೇಲೇ ಇತ್ತು. ಕೈಯಿಟ್ಟ ಮೇಲೆ ಯಾವ ಗಂಟೆಯೂ ಮೊಳಗುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಕಿವಿಯಲ್ಲಿ ಮಾತ್ರ ನಾದ ಹಾಗೇ ಇತ್ತು.

ಹಿರಿಯರು ಯುಗಾದಿಯವರೆಗೆ ಕಾಯುತ್ತೇವೆ ಎಂದರು. ಬೇರೆ ಗಂಟೆ ಬೇಕು, ಅದರ ಮೇಲೆ ಬೇವಿನೆಲೆಯೂ ಬೇಕು, ಎಲೆ ಇಲ್ಲದ ಗಂಟೆ ಎಲ್ಲಿ ಬೇಕಾದರೂ ಸಿಗುತ್ತದೆ ಎಂದು ಹೇಳಿ ಹೋದರು. ಅವನು ಆ ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಜಂತಿಗೆ ಸಿಕ್ಕಿಸಿದ. ಕೇಳದೆ ಎಲೆ ಕೊರೆದರೆ ಸುಳ್ಳಾಗುತ್ತದೆ, ಕೊರೆಯದಿದ್ದರೆ ಅವನ ಕೆಲಸವೇ ಮುಗಿದುಹೋಗುತ್ತದೆ. ಎರಡರಲ್ಲಿ ಒಂದನ್ನೂ ನುಂಗುವ ಶಕ್ತಿ ಅವನಿಗಿರಲಿಲ್ಲ.

ಆ ದಿನದಿಂದ ಅವನಿಗೆ ಎಲ್ಲ ಸದ್ದೂ ವೈರಿಯಾಯಿತು. ಸೌಟು ತಾಗಿದರೆ ಹಲ್ಲು ಕಚ್ಚುತ್ತಿದ್ದ. ಕೊಡ ಇಳಿಸಿದರೆ ಸಿಡುಕುತ್ತಿದ್ದ. ಓಣಿಯ ಸುತ್ತಿಗೆ ಏಳುವ ಹೊತ್ತಿಗೆ ಕದ ಹಾಕಿ ಅಗುಳಿ ಬಿಗಿಯುತ್ತಿದ್ದ. ಮನೆಯನ್ನು ಮೌನ ಮಾಡಿದಷ್ಟೂ ಅವನ ಕಿವಿ ಇನ್ನಷ್ಟು ಎಳಸಾಯಿತು. ಮೊದಲು ಸೌಟಿಗೆ ನೋಯುತ್ತಿದ್ದುದು ಈಗ ಚಮಚಕ್ಕೆ ನೊಂದಿತು. ಕೊನೆಗೆ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿಗೆ, ಬಳೆ ಸದ್ದು ಮಾಡುತ್ತವೆ, ತೆಗೆದಿಡು ಎಂದುಬಿಟ್ಟ.

ಅವಳು ತಟ್ಟುವ ಕೈ ನಿಲ್ಲಿಸಿದಳು.

"ಬಳಿ ಯಾವತ್ತ ತಗೀತಾರ ಅನ್ನೂದು ನಿಮಗ ಗೊತ್ತಿಲ್ಲೇನು? ನೀವಿನ್ನೂ ಬದುಕೀರಿ."

ಅವನು ತಲೆ ತಗ್ಗಿಸಿದ. ಅವಳು ಬಳೆ ತೆಗೆಯಲಿಲ್ಲ. ಒಂದೊಂದು ಬಳೆಗೂ ನೂಲು ಸುತ್ತಿದಳು. ಒಂದು ಕೈಗೆ ಐದು, ಇನ್ನೊಂದು ಕೈಗೆ ಐದು. ಅವಳು ಬೆನ್ನ ಹಿಂದೆ ಬಂದು ನಿಂತರೂ ಅವನಿಗೆ ಬಂದದ್ದು ತಿಳಿಯುತ್ತಿರಲಿಲ್ಲ. ಅದು ಅವನಿಗೆ ಸದ್ದಿಗಿಂತ ಹೆಚ್ಚು ನೋವು ಕೊಟ್ಟಿತು.

ಆಗ ಅವನಿಗೂ ಗವಿಯ ನೆನಪಾಯಿತು. ಹಕ್ಕಿಯ ಸದ್ದೂ ಬಾರದ ಒಂದು ಗವಿ ಹುಡುಕಿಕೊಂಡು ಹೋಗಿ ಕೂತ. ಹೊರಗಿನ ಸದ್ದೆಲ್ಲ ಅಡಗಿತು. ಒಳಗಿನದಕ್ಕೆ ಇನ್ನು ತಡೆ ಇರಲಿಲ್ಲ. ಊರಿನಲ್ಲಿ ಸೊಳ್ಳೆಯಷ್ಟಿದ್ದ ನಾದ ಗವಿಯಲ್ಲಿ ಕೊಪ್ಪರಿಗೆಯಷ್ಟಾಯಿತು. ಮೂರು ದಿನ ಇರುತ್ತೇನೆಂದು ಬುತ್ತಿ ಕಟ್ಟಿಸಿಕೊಂಡು ಹೋದವನು ಒಂದು ಹೊತ್ತಿನ ಬುತ್ತಿ ಉಂಡು ಮಧ್ಯಾಹ್ನಕ್ಕೇ ಇಳಿದು ಬಂದ.

ದಾರಿಯಲ್ಲಿ ಒಬ್ಬ ನೇಕಾರನ ಮನೆ. ದಣಿದವನು ಜಗಲಿಯ ಮೇಲೆ ಕೂತ. ಒಳಗೆ ಮಗ್ಗ ಮೆಲ್ಲಗೆ ಆಡುತ್ತಿತ್ತು. ಕೂತು ಎಷ್ಟೋ ಹೊತ್ತಾದ ಮೇಲೆ, ತಾನು ಅಷ್ಟು ಹೊತ್ತು ಕಿವಿಯ ನಾದವನ್ನು ಮರೆತಿದ್ದೆ ಎಂಬುದು ಅವನಿಗೆ ಹೊಳೆಯಿತು. ನೆನಪಾದ ಕೂಡಲೇ ಅದು ಮತ್ತೆ ಬಂತು. ಬರಲಿ ಬಿಡು, ಇದೂ ಮನೆಯವರ ಹಾಗೆ ಇದ್ದುಕೊಳ್ಳಲಿ ಎಂದುಕೊಂಡು ಎದ್ದ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದ. ಕೊಪ್ಪರಿಗೆಯ ದಿನದಿಂದ ಹಿಡಿದು ಒಂದನ್ನೂ ಮುಚ್ಚಿಡಲಿಲ್ಲ. ತನ್ನಿಂದಲೂ ಮುಚ್ಚಿಟ್ಟರಲ್ಲ ಎಂದು ಅವಳು ಅತ್ತಳು. ಮರುದಿನ ಒಂದು ಬಳೆಯ ನೂಲು ಬಿಚ್ಚಿದಳು. ಆ ಒಂದು ಬಳೆಯ ಸದ್ದಿಗೆ ಅವನು ಹೊಂದಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಆಮೇಲೆ ಇನ್ನೊಂದು ಬಿಚ್ಚಿದಳು. ನೋವಾದ ದಿನ ಅವನು ನೇಕಾರನ ಜಗಲಿಗೆ ಹೋಗಿ ಕೂತು ಬರುತ್ತಿದ್ದ. ಒಂದೊಂದು ದಿನ ಹಿಂದಕ್ಕೂ ಹೋಯಿತು, ಬಿಚ್ಚಿದ್ದನ್ನು ಮತ್ತೆ ಸುತ್ತಿದ್ದೂ ಉಂಟು. ಮಾಘ ಮಾಸದ ಹೊತ್ತಿಗೆ ಅವನು ಕುಲುಮೆ ಹೊತ್ತಿಸಿದ. ಕಿವಿಗೆ ಅರಳೆ ಇಟ್ಟುಕೊಂಡೇ ಕೂತ. ಯಾರೂ ಕುಂಬಾರಿಕೆಯ ಮಾತೆತ್ತಲಿಲ್ಲ.

ಯುಗಾದಿಗೆ ನಾಲ್ಕು ದಿನವಿರುವಾಗ ಹೊಸ ಗಂಟೆ ಅಚ್ಚಿನಿಂದ ಹೊರಬಂತು. ಓಣಿಯ ಹಿರಿಯರು ಮೆಲ್ಲಗೆ ಅವನ ಬಳಿ ಬಂದರು. ಹೊಳೆಯಾಚೆಯವರು ಬರುತ್ತಾರೆ, ನೀನು ಎಂದಿನಂತೆ ಬಾರಿಸು, ನಾದ ಅಡಗಿದ ಕೂಡಲೇ ನಾವು ಕೆಮ್ಮುತ್ತೇವೆ, ನಿನ್ನ ಮಾನ ಉಳಿಯುತ್ತದೆ, ನಮ್ಮ ಓಣಿಯ ಹೆಸರೂ ಉಳಿಯುತ್ತದೆ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅವನೂ ಕೈಮುಗಿದೇ ಉತ್ತರ ಕೊಟ್ಟ. ಮೂವತ್ತು ವರ್ಷ ಆ ಎಲೆಯನ್ನು ಕದ್ದು ಕೊರೆದಿಲ್ಲ, ಈಗಲೂ ಕೆಮ್ಮಿನ ಮೇಲೆ ಕೊರೆಯುವುದಿಲ್ಲ ಎಂದ.

ಹೊಳೆಯಾಚೆಯವರು ಬಂದರು. ಓಣಿ ಸುಮ್ಮನಾಯಿತು. ಅವನು ಕೊಡತಿ ಎತ್ತಿಕೊಂಡು ಗಂಟೆಯ ಪಕ್ಕದಲ್ಲಿ ಹೆಂಡತಿಯನ್ನು ನಿಲ್ಲಿಸಿದ. ಜನ ಅವನ ಮುಖ ನೋಡಿದರು. ಅವನು ತಲೆ ತಗ್ಗಿಸಲಿಲ್ಲ.

"ನನ್ನ ಕಿವ್ಯಾಗ ಒಂದ ಗಂಟಿ ಐತಿ," ಎಂದ. "ಅದು ನಿಲ್ಲೂದಿಲ್ಲ. ಈ ಗಂಟಿ ಯಾವಾಗ ನಿಂತೀತು ಅನ್ನೂದು ನನಗ ತಿಳಿಯೂದಿಲ್ಲ. ಅದಕ್ಕ ನಿಮ್ಮ ಎದುರಿಗೇ ಈಕೀನ್ನ ಕೇಳತೀನಿ."

ಒಂದು ಪೆಟ್ಟು ಕೊಟ್ಟ. ಒಂದು ಉಸಿರು ತೆಗೆದುಕೊಂಡು, ನಿಂತಿತೇನು ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಇನ್ನೊಂದು ಉಸಿರು, ಮತ್ತೆ ಅದೇ ಮಾತು. ಮೊದಲ ಸಲ ಅವನ ದನಿ ನಡುಗಿತು. ಐದನೆಯ ಸಲಕ್ಕೆ ಸರಿಹೋಯಿತು. ಹತ್ತನೆಯ ಸಲ ಕೇಳುವಾಗ ಓಣಿಯ ಆ ತುದಿಯವರೆಗೂ ಕೇಳಿಸುವಂತೆ ಕೇಳಿದ. ಹನ್ನೆರಡು ಕಳೆಯಿತು, ಹದಿಮೂರು ಕಳೆಯಿತು. ಹದಿನಾಲ್ಕಕ್ಕೆ ಅವಳು ಕೈಯೆತ್ತಿದಳು. ಓಣಿಯವರಲ್ಲಿ ಕೆಲವರು ಹೌದೆಂದು ತಲೆದೂಗಿದರು. ಈ ಸಲ ಅವರೂ ತಮ್ಮ ಕಿವಿಯನ್ನು ನಂಬಿದ್ದರು.

ಅವನು ಉಳಿಯನ್ನು ತರಿಸಿ ಬೇವಿನೆಲೆ ಕೊರೆದ. ಆಮೇಲೆ ಉಳಿಯನ್ನು ಹೆಂಡತಿಯ ಕೈಗೆ ಕೊಟ್ಟ. ಇದು ನಿನ್ನ ಕಿವಿ, ಇದಕ್ಕೆ ನಿನ್ನ ಗುರುತೂ ಬೇಕು ಎಂದ. ಆ ಓಣಿಯಲ್ಲಿ ಅದುವರೆಗೆ ಹೆಂಗಸೊಬ್ಬಳು ಗಂಟೆಗೆ ಗುರುತು ಹಾಕಿರಲಿಲ್ಲ. ಅವಳು ಎಲೆಯ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಳು. ಹೊಳೆಯಾಚೆಯ ಹಿರಿಯರು ಗಂಟೆಗೆ ಕೈಮುಗಿದರು, ಆಮೇಲೆ ಅವನ ಕಡೆಗೆ ತಿರುಗಿ ಅವನಿಗೂ ಕೈಮುಗಿದರು. ಅವನು ಬದುಕಿರುವ ತನಕ ಆ ಸೀಮೆಯ ಜನ ಎಲೆಯ ಪಕ್ಕದಲ್ಲಿ ಚುಕ್ಕೆ ಇದೆಯೇ ಎಂದು ನೋಡಿಯೇ ಗಂಟೆ ಕೊಳ್ಳುತ್ತಿದ್ದರು.

ಇಲ್ಲಿಗೆ ಅಜ್ಜ ಕತೆ ಮುಗಿಸಿದರು. ಅಡಿವೆಪ್ಪ ಗವಿಯ ಮಾತು ಎತ್ತಲಿಲ್ಲ.

"ಅಜ್ಜಾರ, ಅವನ ಕಿವ್ಯಾಗಿನ ಸದ್ದು ಕಡೀಗಾದರೂ ನಿಂತಿತೇನ್ರೀ?" ಎಂದ.

"ನಿಲ್ಲಲಿಲ್ಲ," ಎಂದರು ಅಜ್ಜ, "ಕಿವಿಯಲ್ಲಿ ಕೇಳಿದ್ದು ಅವನ ಪಾಡು, ಬಾಯಿಬಿಟ್ಟು ಕೇಳಿದ್ದು ಅವನ ಹಿರಿಮೆ."