ಚಿಕ್ಕೀರನ ಕಿವಿಯಲ್ಲಿ ಅಮ್ಮ

ಚನ್ನಾಜಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಮೀಸೆ ಬಂದಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೇಳಿದಷ್ಟನ್ನೇ ಮಾಡುತ್ತಿದ್ದ, ತೊಂದರೆ ಇದ್ದದ್ದೇ ಅಲ್ಲಿ.

ಅಮ್ಮ ಗಟ್ಟಿಗಿತ್ತಿ. ನಾಟಕ ಕಂಪನಿಗೆ ಮೈಕ್ ಸೆಟ್ ಕಟ್ಟುತ್ತ ಕಲಿತವಳು, ಈಗ ದೇಶದೇಶದ ಹಾಡುಗಾರರು ಸೇರುವ ವಿಶ್ವಗಾನ ಪಂದ್ಯಕ್ಕೆ ಧ್ವನಿಯ ಮುಖ್ಯಸ್ಥೆ. ಇಡೀ ಲೋಕ ಟಿವಿ ಮುಂದೆ ಕೂತು ನೋಡುವ ಪಂದ್ಯ ಅದು. ಮೈದಾನದ ನಡುವೆ ಗುಂಡಿಗಳ ದೊಡ್ಡ ಮೇಜು, ಅದರ ಹಿಂದೆ ಅಮ್ಮ. ಯಾವ ಗುಂಡಿ ಎಷ್ಟು ಏರಬೇಕು, ಎಷ್ಟು ಇಳಿಯಬೇಕು, ಅವಳ ಬೆರಳಿಗೇ ಗೊತ್ತು. ವೇದಿಕೆ ಮೇಲೆ ಮೈಕು ಕೊಡುವ ಕೆಲಸಕ್ಕೆ ಮಗನನ್ನು ಸೇರಿಸಿದಳು. ಹೆತ್ತ ಕರುಳು, ಏನು ಮಾಡುವುದು? ಅವನ ಕಿವಿಗೊಂದು ಯಂತ್ರ ಸಿಕ್ಕಿಸಿದಳು. ಅಮ್ಮ ಮೇಜಿನ ಹತ್ತಿರ ಆಡಿದ್ದು ಮಗನಿಗೆ ಕೇಳುತ್ತಿತ್ತು, ಮಗ ಆಡಿದ್ದು ಅಮ್ಮನಿಗೆ.

"ನೀನು ಹೇಳ್ತಾ ಇರಮ್ಮ, ನಾನು ಮಾಡ್ತಾ ಇರ್ತೀನಿ. ಹೆದರ್ಬೇಡ," ಅಂದ ಚಿಕ್ಕೀರ. ಅವನಿಗಂತೂ ಹೆದರಿಕೆ ಅನ್ನುವುದೇ ಇರಲಿಲ್ಲ.

ಮೊದಲನೆಯ ಹಾಡುಗಾರ ಬಂದ. ನೆಲದ ಮೇಲಿದ್ದ ವೈರು ಎಡವಿ ಮುಗ್ಗರಿಸಿದ.

"ಅಯ್ಯೋ ಪೆದ್ದೇ, ಉದ್ದಕ್ಕೆ ಬಿದ್ದಿರೋದಕ್ಕೆಲ್ಲ ಟೇಪು ಹಾಕಿ ನೆಲಕ್ಕೆ ಅಂಟಿಸ್ಬೇಕು ಕಣೋ," ಅಂತ ಅಮ್ಮ ಕಿವಿಯಲ್ಲಿ ಬೈದಳು.

"ಅಷ್ಟೇ ತಾನೆ? ಆಯ್ತಮ್ಮ."

ಎರಡನೆಯ ತಂಡದಲ್ಲಿ ಕುಣಿಯುವವರಿದ್ದರು. ದೀಪ ಆರಿಸಿದಾಗ ಬಂದು ಉದ್ದಕ್ಕೆ ಮಲಗುವುದು, ದೀಪ ಹತ್ತಿದಾಗ ಚಂಗನೆ ಏಳುವುದು ಅಂತ ಅವರ ಲೆಕ್ಕ. ಮಲಗಿದರು. ಚಿಕ್ಕೀರ ಟೇಪು ಹಿಡಿದು ಹೋಗಿ ಬಂದ. ದೀಪ ಹತ್ತಿತು, ಹಾಡು ಶುರುವಾಯಿತು, ಕುಣಿಯುವವರು ಏಳಲಿಲ್ಲ. ಪಾಪ, ಹಾಡು ಮುಗಿಯುವ ತನಕ ಬರೀ ತಲೆ ಆಡಿಸಿಯೇ ಕುಣಿದರು.

"ಜೀವ ಇರೋರಿಗೆ ಟೇಪು ಹಾಕ್ತಾರೇನೋ? ಜೀವ ಇರೋರು ವೇದಿಕೆ ಹತ್ತಿದ್ರೆ ಕೈಗೊಂದು ಮೈಕು ಕೊಡ್ಬೇಕು."

"ಅಷ್ಟೇ ತಾನೆ? ಆಯ್ತಮ್ಮ."

ಉದುರಿದ ಬಣ್ಣದ ಕಾಗದ ಗುಡಿಸಲು ದಾಸಪ್ಪ ಪೊರಕೆ ಹಿಡಿದು ವೇದಿಕೆ ಹತ್ತಿದ. ಜೀವ ಇದ್ದವನೇ. ಚಿಕ್ಕೀರ ಮೈಕು ಕೊಟ್ಟ. ಇಟ್ಟುಕೊಳ್ಳಲು ಹೇಳಿದ್ದಾರೆಂದುಕೊಂಡು ದಾಸಪ್ಪ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮುಂದಿನವರಿಗಾಗಿ ಅಮ್ಮ ಗುಂಡಿ ಏರಿಸಿಯೇ ಇಟ್ಟಿದ್ದಳಲ್ಲ, ಲೋಕಕ್ಕೆಲ್ಲ ಪೊರಕೆ ಸದ್ದು ಕೇಳಿತು. ಹಿಂದೆಯೇ ದಾಸಪ್ಪನ ಮಾತು: "ಹಾಡೋದು ಒಂದ್ಗಳಿಗೆ, ಕಸ ನೋಡಿದ್ರೆ ಮೂಟೆ. ನನ್ನ ಮಂಡಿ ಹೋಯ್ತು ಕಣಪ್ಪ."

ಪಂದ್ಯದ ಮ್ಯಾನೇಜರ್ ವರದರಾಜ್ ಓಡಿಬಂದರು. "ಚನ್ನಾಜಮ್ಮ, ಇನ್ನೊಂದು ಎಡವಟ್ಟಾದ್ರೆ ಮುಂದಿನ ವರ್ಷ ಈ ಮೇಜಿಗೆ ಬೇರೆಯವರು ಬರ್ತಾರೆ."

ಆ ಮೇಜಿನ ಹಿಂದೆ ಕೂರಲು ಅಮ್ಮ ಜೀವ ತೇದಿದ್ದಳು.

"ಮಗನೇ, ಹಾಡೋರಿಗೆ ಮಾತ್ರ ಮೈಕು ಕೊಡೋ. ಹಾಡ್ತಾರೋ ಇಲ್ವೋ ನೋಡಿ ಕೊಡು."

"ಅಷ್ಟೇ ತಾನೆ? ಆಯ್ತಮ್ಮ."

ಕೊನೆಯವಳು ಯಾವುದೋ ದ್ವೀಪದ ಹುಡುಗಿ. ಮೈಕಿಗೆ ಕೈ ಚಾಚಿದಳು. ಚಿಕ್ಕೀರ ಮೈಕನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮೊದಲು ಹಾಡು, ಆಮೇಲೆ ನೋಡೋಣ ಅಂತ ಕೈಸನ್ನೆ ಮಾಡಿದ. ಅಷ್ಟರಲ್ಲಿ ವಾದ್ಯ ಶುರುವಾಯಿತು. ಲೋಕವೆಲ್ಲ ನೋಡುತ್ತಿದೆ, ಹುಡುಗಿ ಏನು ಮಾಡಿಯಾಳು? ಬರಿಗೈಯಲ್ಲಿ ಹಾಡಿದಳು.

ಅಮ್ಮ ವಾದ್ಯದ ಗುಂಡಿಗಳನ್ನೆಲ್ಲ ಮೆತ್ತಗೆ ಇಳಿಸಿದಳು. ಜನರ ಚಪ್ಪಾಳೆ ಹಿಡಿಯಲು ಮೇಲೆ ತೂಗುಬಿಟ್ಟಿದ್ದ ಮೈಕುಗಳನ್ನು ಏರಿಸಿದಳು. ಮೈದಾನ ಉಸಿರು ಬಿಗಿಹಿಡಿದು ಕೂತಿತು. ಆ ಒಂಟಿ ದನಿ ಹಾಗೇ ಲೋಕಕ್ಕೆಲ್ಲ ಹೋಯಿತು. ಹಾಡು ಮುಗಿದ ಮೇಲೆ ಚಿಕ್ಕೀರ, "ಚೆನ್ನಾಗಿ ಹಾಡ್ತೀಯಮ್ಮ, ತಗೋ," ಅಂತ ಮೈಕು ಕೊಟ್ಟ.

"ಇನ್ನು ಕೈಗೆ ಏನು ಬಂದ್ರೂ ಬಿಡಬೇಡ. ನಾನು ಕಿವೀಲಿ ಹೇಳಿದಾಗ ಮಾತ್ರ ಕೊಡು," ಅಂದಳು ಅಮ್ಮ, ಹಣೆಯ ಬೆವರು ಒರೆಸಿಕೊಳ್ಳುತ್ತ.

"ಅಷ್ಟೇ ತಾನೆ? ಆಯ್ತಮ್ಮ."

ಗೆದ್ದವಳು ಅದೇ ಹುಡುಗಿ. ಹೆಸರು ಕೂಗುವ ಮೊದಲು ನಿರೂಪಕಿ ತನ್ನ ಕೈಲಿದ್ದ ಬೆಳ್ಳಿಯ ಬಟ್ಟಲನ್ನು ಚಿಕ್ಕೀರನಿಗೆ ಹಿಡಿದುಕೊಳ್ಳಲು ಕೊಟ್ಟಿದ್ದಳು. ಈಗ ವಾಪಸ್ ಕೇಳಿದಳು. ಅವನು ಕೊಡಲಿಲ್ಲ. ಅವಳು ಎಳೆದಳು, ಇವನೂ ಎಳೆದ. ಲೋಕವೆಲ್ಲ ನೋಡಿತು. ಕೊನೆಗೆ ಅವಳೇ ಸೋತು ದೂರ ಸರಿದಳು.

ವರದರಾಜ್ ಮೇಜಿನ ಕಡೆ ತಿರುಗಿದರು. ಅಮ್ಮ ಅವಸರದಲ್ಲಿ ಮಗನ ಕಿವಿಗೆ ಹೇಳಿದಳು: "ಕೊಡೋ ನನ್ನಪ್ಪ, ಪಕ್ಕದಲ್ಲಿರೋರಿಗೆ ಕೊಟ್ಬಿಡೋ."

ಕೊಟ್ಟ. ಪಕ್ಕದಲ್ಲಿದ್ದವನು, ಮತ್ತೆ ಉದುರಿದ ಕಾಗದ ಗುಡಿಸಲು ಪೊರಕೆ ಹಿಡಿದು ಬಂದಿದ್ದ ದಾಸಪ್ಪ.

ದಾಸಪ್ಪ ಬಟ್ಟಲನ್ನು ನೋಡಿದ. ಹೆಗಲ ಟವೆಲಿನಿಂದ ಚೆನ್ನಾಗಿ ಒರೆಸಿದ. ಕುಂಟುತ್ತ ಹೋಗಿ ಹುಡುಗಿಯ ಕೈಗಿಟ್ಟ. ಹುಡುಗಿ ಅವನನ್ನು ತಬ್ಬಿಕೊಂಡು ಅತ್ತಳು. ಮೈದಾನಕ್ಕೆ ಮೈದಾನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಮ್ಮ ಅಭ್ಯಾಸಬಲದಿಂದ ಚಪ್ಪಾಳೆಯ ಗುಂಡಿ ಏರಿಸಿದಳು.

ವರದರಾಜ್ ಕಣ್ಣೊರೆಸಿಕೊಳ್ಳುತ್ತ ಬಂದರು. "ಮೈಕಿಲ್ಲದ ಹಾಡು, ಗುಡಿಸೋನ ಕೈಯಿಂದ ಬಹುಮಾನ. ಎಂಥ ತಲೆ ಚನ್ನಾಜಮ್ಮ ನಿಮ್ದು. ಮುಂದಿನ ವರ್ಷವೂ ನೀವೇ. ಆದ್ರೆ ಒಂದು ಷರತ್ತು, ನಿಮ್ಮ ಮಗನೂ ಬರ್ಲೇಬೇಕು."

ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಅವಳ ಕಿವಿಯಲ್ಲಿ ಚಿಕ್ಕೀರ ಕೇಳುತ್ತಲೇ ಇದ್ದ:

"ಅಮ್ಮ, ಯಾಕಮ್ಮ ಸುಮ್ನಿದೀಯ? ಬೇಗ ಬಯ್ಯಮ್ಮ. ನೀನು ಬೈದ್ರೆ ತಾನೆ ಮುಂದೇನ್ ಮಾಡ್ಬೇಕು ಅಂತ ನಂಗೆ ಗೊತ್ತಾಗೋದು?"